ಮೊಳೆಯ ಪರೀಕ್ಷೆ

ವೆಸ್ಟ್‌ಲ್ಯಾಂಡ್ಸ್, ನೈರೋಬಿ
ಭಾನುವಾರ, ೧೧ ಮೇ ೨೦೨೫

ಪ್ರೀತಿಯ ಸುದರ್ಶನ್,

ಜಿನೀವಾದಲ್ಲಿ ಚಳಿ ಕಡಿಮೆಯಾಯಿತೇ? ಬೆನ್ನುನೋವು ಹೇಗಿದೆ? ಮಾತ್ರೆ ಇಲ್ಲೇ ಮರೆತು ಹೋಗಿದ್ದೀರಿ. ನಿಮ್ಮ ಆಫೀಸಿನ ಬಾಲಕೃಷ್ಣ ಇವತ್ತು ಸಂಜೆ ಅಲ್ಲಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಮಾತ್ರೆಯನ್ನೂ ಈ ಕಾಗದವನ್ನೂ ಕಳಿಸುತ್ತಿದ್ದೇನೆ. ಫೋನಿನಲ್ಲಾದರೆ ‘ನೋಡೋಣ ಬಿಡು’ ಅಂದು ಮಾತು ಮುಗಿಸಿಬಿಡುತ್ತೀರಿ. ಪ್ರಗತಿ ಚೆನ್ನಾಗಿದ್ದಾಳೆ. ಹಣೆಗೆ ಬಿದ್ದ ಆರು ಹೊಲಿಗೆ ಬಿಟ್ಟರೆ ನಾನೂ ಚೆನ್ನಾಗಿದ್ದೇನೆ.

ಮೊನ್ನೆ ಶುಕ್ರವಾರ ಮಧ್ಯಾಹ್ನ, ಇಂಡಸ್ಟ್ರಿಯಲ್ ಏರಿಯಾದಲ್ಲಿ, ಬ್ಯಾಟರಿ ಪರೀಕ್ಷಿಸುವ ನಮ್ಮ ಲ್ಯಾಬಿನ ಪಕ್ಕದ ಗೋದಾಮಿಗೆ ಎಲೆಕ್ಟ್ರಿಕ್ ಬೈಕಿನ ಬ್ಯಾಟರಿಗಳನ್ನು ಲಾರಿಯಿಂದ ಇಳಿಸುತ್ತಿದ್ದರು. ಒಂದು ಕೈತಪ್ಪಿ ಕಬ್ಬಿಣದ ಸರಳಿನ ಮೇಲೆ ಬಿದ್ದು ತೂತಾಯಿತು. ಬುಸ್ಸೆಂದು ಹೊಗೆ ಎದ್ದಿತು. ನಮ್ಮ ಟೆಕ್ನೀಷಿಯನ್ ಡೆಂಜಿಲ್, ಭಾನುವಾರ ತಪ್ಪದೆ ನಮ್ಮಲ್ಲಿ ಊಟಕ್ಕೆ ಬರುವ ಮಂಗಳೂರಿನ ಡೆಂಜಿಲ್, ಅದನ್ನು ಹೊರಗೆಳೆಯಲು ಓಡಿದ. ಮುಖದ ಮುಂದೆಯೇ ಸಿಡಿಯಿತು. ಅವನ ಕೈಗವಸು ಕಳಚಲು ಹೋದರೆ ಚರ್ಮವೂ ಜೊತೆಗೇ ಕಿತ್ತು ಬಂತು. ಎಳೆದವಳು ನಾನೇ. ‘ಅಕ್ಕಾ, ಕಣ್ಣು ಕಾಣುದಿಲ್ಲ, ಎಂಥದೂ ಕಾಣುದಿಲ್ಲ’ ಎಂದು ಕೂಗುತ್ತಲೇ ಇದ್ದ.

ಅಷ್ಟರಲ್ಲಿ ಬಾಡಿಗೆಗೆ ಬೈಕ್ ಓಡಿಸುವವರು ಗುಂಪು ಕಟ್ಟಿ ಬಂದರು. ಕಳೆದ ತಿಂಗಳು ಇಂಥದ್ದೇ ಬ್ಯಾಟರಿ ಸೀಟಿನಡಿ ಸಿಡಿದು ಅವರಲ್ಲೊಬ್ಬ ಸತ್ತಿದ್ದ. ಕಲ್ಲಿನಿಂದ ಷಟರ್ ಜಜ್ಜಿ ಮುರಿದರು. ಗೋದಾಮಿನ ಮ್ಯಾನೇಜರ್ ಭಾರ್ಗವನನ್ನು ಕಾಲರ್ ಹಿಡಿದು ರಸ್ತೆಗೆಳೆದು, ಕೆಳಗೆ ಬಿದ್ದ ಮೇಲೂ ಬಾಯಿಗೆ, ತಲೆಗೆ ಒದ್ದರು. ಹಲ್ಲು ಉದುರಿದ್ದನ್ನು ಕಣ್ಣಾರೆ ಕಂಡೆ. ಅಡ್ಡ ಹೋದ ನನ್ನ ಹಣೆಗೊಂದು ಕಲ್ಲು ಬಿತ್ತು. ಮನೆಗೆ ಬಂದಾಗ ಪ್ರಗತಿ, ‘ಅಮ್ಮಾ, ಈಸ್ ದಟ್ ಯುವರ್ ಬ್ಲಡ್?’ ಅಂದಳು. ಅಂಗಿಯ ಮೇಲಿನ ರಕ್ತ ಯಾರದೆಂದು ನನಗೇ ಗೊತ್ತಿರಲಿಲ್ಲ.

ಕಲ್ಲು ಹೊಡೆದವನ ಮೇಲೆ ನನಗೆ ಸಿಟ್ಟಿಲ್ಲ, ನಿಮ್ಮ ಮೇಲಿದೆ. ಮಾರ್ಚ್‌ನಲ್ಲಿ ನಾನೂ ಡೆಂಜಿಲ್ಲೂ ಇದೇ ಬ್ಯಾಟರಿಗಳಿಗೆ ಮೊಳೆ ಹೊಡೆದು ನೋಡಿದೆವು. ಹತ್ತರಲ್ಲಿ ಏಳು ಸಿಡಿದವು. ವರದಿ ನಿಮಗೆ ಕಳಿಸಿದೆ, ನೀವು ಓದಿದಿರಿ. ಬ್ಯಾಟರಿ ಸುರಕ್ಷತೆಗೆ ಜಗತ್ತಿಗೆಲ್ಲ ಒಂದೇ ಮಾನದಂಡ ಬರೆಯುವ ಜಿನೀವಾದ ಆ ಸಮಿತಿಯಲ್ಲಿ ಇಲ್ಲಿಯವರ ಮಾತೂ ಕೇಳಿಸಲಿ ಎಂದೇ ಇಲ್ಲಿನ ಸರ್ಕಾರ ಅನುದಾನ ಕೊಟ್ಟು ನಿಮ್ಮನ್ನು ಕೂರಿಸಿದೆ. ಗಡುವಿನೊಳಗೆ ಆಕ್ಷೇಪ ಬರೆಯದಿದ್ದರೆ ಒಪ್ಪಿದಂತೆ ಎಂಬುದು ನಿಮ್ಮ ಸಮಿತಿಯ ಪದ್ಧತಿ. ಮೊಳೆಯ ಪರೀಕ್ಷೆಯನ್ನೇ ಕೈಬಿಡುವ ಕರಡು ಬಂದಾಗ ನೀವು ಒಂದು ಸಾಲೂ ಬರೆಯಲಿಲ್ಲ. ತಕರಾರು ಮಾಡಿದರೆ, ಅಗ್ಗದ ಬೈಕುಗಳಿಗೆ ಕಾದಿರುವ ಸರ್ಕಾರ ಮುಂದಿನ ವರ್ಷದ ಅನುದಾನ ನಿಲ್ಲಿಸೀತು ಎಂದು ಹೆದರಿದಿರಿ. ಜಗಳವಾಡದ ಗಂಡ ಸಿಕ್ಕಿದ್ದಾನೆಂದು ಊರೆಲ್ಲ ಹೇಳಿಕೊಂಡು ತಿರುಗಿದವಳು ನಾನು, ನನಗೂ ಬುದ್ಧಿ ಇರಲಿಲ್ಲ ಬಿಡಿ. ಗುರುವಾರ ಕೊನೆಯ ಮತದಾನ. ಆ ಕರಡು ಪಾಸಾದರೆ ಇವೇ ಬ್ಯಾಟರಿಗಳು ಊರಿನ ಎಲ್ಲ ಬೈಕುಗಳಿಗೆ ಬಂದು ಕೂರುತ್ತವೆ. ಎದ್ದು ನಿಂತು ‘ಬೇಡ’ ಅನ್ನಿ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಬೆನ್ನಿಗೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳಿ. ಪ್ರಗತಿಯ ಮುತ್ತು ನಿಮಗೆ.

ನಿಮ್ಮ
ಪ್ರಿಯಂವದಾ

ಮತ್ತೊಂದು ಮಾತು: ಬಾಲಕೃಷ್ಣ ಬಾಗಿಲಲ್ಲಿ ಕಾಯುತ್ತಿದ್ದಾರೆ. ಡೆಂಜಿಲ್‌ನ ಎರಡೂ ಕಣ್ಣು ಹೋದವು. ಬೆಳಿಗ್ಗೆ ಆಸ್ಪತ್ರೆಗೆ ಪೊಲೀಸರು ಬಂದು, ಇದು ಸಿಡಿಯುತ್ತದೆಂದು ಮೊದಲೇ ಯಾರಿಗೆ ಗೊತ್ತಿತ್ತು ಎಂದು ಕೇಳಿದರು. ಅವನು ನಿಮ್ಮ ಹೆಸರು ಹೇಳಲಿಲ್ಲ. ನಾನು ಹೇಳಿದೆ.