ಅಜ್ಜನ ಕೈಸನ್ನೆ, ಅಮೂಲ್ಯಳ ಡಿಫೆನ್ಸ್

ದುರ್ಗಿಗುಡಿ, ಶಿವಮೊಗ್ಗ
18 ನವೆಂಬರ್ 2024, ಸೋಮವಾರ

ಪ್ರೀತಿಯ ಮೊಮ್ಮಗ ಜ್ಞಾನೇಶನಿಗೆ,

ಹೇಗಿದ್ದೀಯ ಮಗನೇ? ಅರುಣಾಚಲದಲ್ಲಿ ಆಗಲೇ ಹಿಮ ಬೀಳುತ್ತಿದೆ ಎಂದು ಟೀವಿಯಲ್ಲಿ ನೋಡಿದಾಗಿನಿಂದ ನಿನ್ನ ಕೆಮ್ಮಿನದೇ ಯೋಚನೆ. ಕಟ್ಟಿಕೊಟ್ಟ ಕಾಳುಮೆಣಸಿನ ಪುಡಿಯನ್ನು ಬಿಸಿನೀರಿಗೆ ಹಾಕಿಕೊಂಡು ಕುಡಿ, ಪೊಟ್ಟಣ ಬಿಚ್ಚದೆ ಟ್ರಂಕಿನಲ್ಲಿ ಇಟ್ಟುಕೊಂಡು ಕೂರಬೇಡ. ದೀಪಾವಳಿಗೆ ಕಳಿಸಿದ ಕೋಡುಬಳೆ ಇಡಿಯಾಗಿ ತಲುಪಿತೋ ಪುಡಿಯಾಗಿ ತಲುಪಿತೋ ನೀನು ಹೇಳಲೇ ಇಲ್ಲ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನನ್ನ ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ನಿಮ್ಮಪ್ಪ ಎಂದಿನಂತೆ ಬೆಳಿಗ್ಗೆ ಹಾರ್ಡ್‌ವೇರ್ ಅಂಗಡಿಯ ಬಾಗಿಲು ತೆಗೆದರೆ ಊಟದ ಹೊತ್ತಿಗೂ ಕರೆದ ಮೇಲೆಯೇ ಬರುವುದು. ನಿಮ್ಮಮ್ಮ ನಿನ್ನ ಫೋಟೋ ಒರೆಸುವುದನ್ನು ಬಿಟ್ಟಿಲ್ಲ. ಸೋಗಾನೆಯಲ್ಲಿ ವಿಮಾನ ಇಳಿಯುವ ಸದ್ದು ಕೇಳಿದಾಗಲೆಲ್ಲ ನೀನು ಬರುವ ರಜೆಯ ಲೆಕ್ಕ ಹಾಕುತ್ತಾಳೆ, ಪಾಪ.

ಇನ್ನು ವಿಷಯಕ್ಕೆ ಬರುತ್ತೇನೆ. ನಿನ್ನೆ ಫೋನಿನಲ್ಲಿ ನಾನು ಬಾಯಿ ತೆರೆದಾಗ ನೀನು ಏನೆಂದೆ, ನೆನಪಿದೆಯಾ? "ಅಜ್ಜೀ, ನಿಂಗೆ ಫುಟ್ಬಾಲ್ ಗೊತ್ತಾಗಲ್ಲ, ಸುಮ್ನಿರು" ಎಂದೆ. ಬೆಟ್ಟದ ಮೇಲಿನ ಗಡಿ ಪೋಸ್ಟಿಗೆ ಹೋಗುತ್ತೇನೆ, ಅಲ್ಲಿ ಸಿಗ್ನಲ್ ಇಲ್ಲ, ಇನ್ನು ಒಂದು ತಿಂಗಳು ಮಾತಿಲ್ಲ ಎಂದು ಇಟ್ಟುಬಿಟ್ಟೆ. ಸರಿ. ಫೋನಿನಲ್ಲಾದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ, ಕಾಗದಕ್ಕೆ ಬಾಯಿ ಹಾಕಲು ನಿನ್ನ ಕೈಲೂ ಆಗುವುದಿಲ್ಲ. ಅದಕ್ಕೇ ಬೆಳಿಗ್ಗೆಯೇ ಕನ್ನಡಕ ಒರೆಸಿಕೊಂಡು ಕೂತಿದ್ದೇನೆ. ಪೂರ್ತಿ ಓದು. ಅರ್ಧಕ್ಕೆ ಮಡಚಿದರೆ ನನಗೆ ಗೊತ್ತಾಗುತ್ತದೆ.

ನಿನ್ನ ವಾದ ನನಗೆ ಅರ್ಥವಾಗಿಲ್ಲ ಎಂದುಕೊಳ್ಳಬೇಡ. ನಿನ್ನ ತಂಗಿಯ ಕಾಲೇಜು ತಂಡ ಈ ವರ್ಷ ಫೈನಲ್‌ವರೆಗೆ ಒಂದೂ ಗೋಲು ಬಿಡಲಿಲ್ಲ. ಪೇಪರಿನಲ್ಲೂ ಒಂದು ಮೂಲೆಯಲ್ಲಿ ಬಂತು. ನೀನು ಹೇಳಿದ್ದೇನು? ಆ ತಂಡಗಳಿಗೆ ಪಾಸ್ ಮಾಡುವುದೇ ಗೊತ್ತಿರಲಿಲ್ಲ, ಚೆಂಡನ್ನು ಎತ್ತಿ ಒದ್ದು ಹಿಂದೆ ಓಡುವುದಷ್ಟೇ ಅವರ ಆಟ, ಹಾಗಿರುವಾಗ ಇವರ ಡಿಫೆನ್ಸ್ ಎಷ್ಟು ಗಟ್ಟಿ ಎಂದು ಯಾರು ನೋಡಿದ್ದಾರೆ? ಫೈನಲ್‌ನಲ್ಲಿ ಭದ್ರಾವತಿಯವರು ನೆಟ್ಟಗೆ ಪಾಸ್ ಮಾಡಿದ್ದೇ ತಡ, ಗೋಲು ಬಿತ್ತು, ಬಂಡವಾಳ ಬಯಲಾಯಿತು. ಈಗ ವಿಶ್ವವಿದ್ಯಾಲಯದ ತಂಡಕ್ಕೆ ಅಮೂಲ್ಯಳನ್ನು ಆರಿಸಿದ್ದಾರೆ, ಈ ವಾರ ಕ್ಯಾಂಪು, ಆಮೇಲೆ ಕೇರಳದಲ್ಲಿ ಟೂರ್ನಮೆಂಟು. ಅಲ್ಲಿನ ಹುಡುಗಿಯರು ಇವಳ ಕಾಲಿನ ಸಂದಿಯಲ್ಲೇ ಪಾಸ್ ಹಾಯಿಸುತ್ತಾರೆ, ನಗೆಪಾಟಲಾಗಿ ಅಳುತ್ತಾ ಬರುತ್ತಾಳೆ, ಕಳಿಸಬೇಡಿ. ಇಷ್ಟು ತಾನೇ? ನಿಮ್ಮಪ್ಪನಿಗೆ ನಿನ್ನ ಮಾತೆಂದರೆ ಮುಗಿಯಿತು. "ಅವನು ಆಡಿದೋನು, ಅವನಿಗೆ ಗೊತ್ತಿರುತ್ತೆ" ಎಂದು ಅಂಗಡಿಗೆ ಹೊರಟುಬಿಟ್ಟ. ಅಮೂಲ್ಯ ತೊಳೆದ ಬೂಟನ್ನು ಹಿತ್ತಲ ಕಟ್ಟೆಯ ಮೇಲೆ ಕವುಚಿ ಹಾಕಿ ಒಳಗೆ ಹೋದಳು. ಊಟಕ್ಕೆ ಕರೆದರೆ ಬೇಡ ಎಂದಳು.

ಈಗ ನಿನ್ನ ಮಾತಿನಲ್ಲಿ ಎಷ್ಟು ನಿಜವಿದೆಯೋ ಅಷ್ಟನ್ನು ಒಪ್ಪಿಬಿಡುತ್ತೇನೆ. ಮೊದಲಿನ ಮ್ಯಾಚುಗಳಲ್ಲಿ ನೀನು ಹೇಳಿದ ಹಾಗೆಯೇ ಇತ್ತು. ಒಂದು ತಂಡದವರಂತೂ ಚೆಂಡಿಗಿಂತ ಹೆಚ್ಚಾಗಿ ಒಬ್ಬರನ್ನೊಬ್ಬರು ಒದ್ದರು. ಅಲ್ಲಿ ಗೋಲು ಬಿಡದೆ ಇದ್ದದ್ದು ದೊಡ್ಡ ಸಾಹಸವಲ್ಲ, ಅದನ್ನು ಹೊಗಳಿದರೆ ನನಗೇ ನಗು ಬರುತ್ತದೆ. ಆದರೆ ಲೀಗಿನಲ್ಲಿ ಇದೇ ಭದ್ರಾವತಿಯವರು ಶಿವಮೊಗ್ಗಕ್ಕೆ ಬಂದು ಆಡಿದರಲ್ಲ, ಅದನ್ನು ನೀನು ಲೆಕ್ಕಕ್ಕೇ ಹಿಡಿಯಲಿಲ್ಲ. ಅವರಿಗೆ ಪಾಸ್ ಮಾಡಲು ಯಾರೂ ಕಲಿಸಬೇಕಿಲ್ಲ. ಕಾರ್ಖಾನೆ ಕ್ವಾರ್ಟರ್ಸಿನ ಸಣ್ಣ ಅಂಗಳದಲ್ಲಿ ಆಡಿ ಬೆಳೆದವರು, ಅಲ್ಲಿ ಎತ್ತಿ ಒದ್ದರೆ ಪಕ್ಕದ ಮನೆಯ ಗಾಜು ಒಡೆಯುತ್ತದೆ. ಆವತ್ತು ಅವರು ಕೊಟ್ಟ ಪಾಸುಗಳೆಲ್ಲ ಅಮೂಲ್ಯಳ ಕಾಲಿಗೇ ಬಂದು ಬಿದ್ದವು. ನೋಡುತ್ತಿದ್ದವರು ಹುಡುಗಿಗೆ ಏನೋ ದಿವ್ಯದೃಷ್ಟಿ ಇದೆ ಎಂದರು. ದಿವ್ಯದೃಷ್ಟಿಯೂ ಇಲ್ಲ, ಮಣ್ಣೂ ಇಲ್ಲ. ಆ ಹುಡುಗಿಯರು ಚೆಂಡು ಕೇಳುವುದು ತಮಿಳಿನಲ್ಲಿ. "ಇಂಗ ಕುಡು", "ಪಿನ್ನಾಡಿ" ಎಂದು ಕೂಗಿಕೊಂಡೇ ಆಡುತ್ತಾರೆ, ಶಿವಮೊಗ್ಗದವರಿಗೆ ಏನು ತಿಳಿಯುತ್ತದೆ ಎನ್ನುವ ಧೈರ್ಯ. ನಮ್ಮವಳು ಹೈಸ್ಕೂಲು ಮುಗಿಯುವವರೆಗೂ ನನ್ನ ಜೊತೆ ಅದೇ ಕ್ವಾರ್ಟರ್ಸಿನಲ್ಲಿ ಬೆಳೆದವಳಲ್ಲವೇ? ಬೀದಿಯ ಮಕ್ಕಳ ಜೊತೆ ಜಗಳವಾಡಿದ್ದೇ ತಮಿಳಿನಲ್ಲಿ. ಇಲ್ಲಿ ಕೊಡು, ಹಿಂದೆ ಕೊಡು ಎಂದವಳ ಮುಂದೆ ಇವಳು ಮೊದಲೇ ಹೋಗಿ ನಿಂತಿರುತ್ತಿದ್ದಳು. ಇದನ್ನು ಕೇಳಿದರೆ, ಅದು ಡಿಫೆನ್ಸ್ ಅಲ್ಲ, ಕದ್ದು ಕೇಳಿಸಿಕೊಳ್ಳೋದು ಎನ್ನುತ್ತೀಯ. ಅನ್ನು. ಶುಕ್ರವಾರದವರೆಗೆ ನಾನೂ ಒಳಗೊಳಗೇ ಹಾಗೆಯೇ ಅಂದುಕೊಂಡಿದ್ದೆ.

ಶುಕ್ರವಾರ ಭದ್ರಾವತಿಯಲ್ಲಿ ಫೈನಲ್. ನಿಮ್ಮಮ್ಮ ಬೇಡ ಬೇಡ ಎಂದರೂ ಬಸ್ಸು ಹತ್ತಿ ಹೋದೆ. ನಿಮ್ಮಜ್ಜನ ಜೊತೆ ಕಾರ್ಖಾನೆ ಟೀಮಿನಲ್ಲಿ ಆಡುತ್ತಿದ್ದ ಷಡಕ್ಷರಪ್ಪನವರು ಗೋಡೆಯ ನೆರಳಿಗೆ ಕುರ್ಚಿ ಹಾಕಿಸಿಕೊಟ್ಟರು. ರಿಟೈರಾದವರೆಲ್ಲ ಗೋಡೆಯ ಉದ್ದಕ್ಕೂ ಕೂತಿದ್ದರು, ಎಲ್ಲ ಅವರ ಊರಿನ ತಂಡದ ಕಡೆಯೇ. ಭದ್ರಾವತಿ ತಂಡದ ಕ್ಯಾಪ್ಟನ್ ಯಾರು ಗೊತ್ತಾ? ವಿದ್ಯಾಶ್ರೀ, ನಮ್ಮ ಕ್ವಾರ್ಟರ್ಸಿನ ಪಕ್ಕದ ಮನೆಯವಳು, ಅಮೂಲ್ಯಳ ಜೊತೆ ಒಂದೇ ತಟ್ಟೆಯಲ್ಲಿ ಉಂಡವಳು. ಲೀಗ್ ಮ್ಯಾಚ್ ಸೋತ ಮೇಲೆ ಕೂತು ಯೋಚಿಸಿದ್ದಾಳೆ, ಇವಳಿಗೆ ಎಲ್ಲ ಪಾಸೂ ಹೇಗೆ ಸಿಕ್ಕಿತು ಎಂದು. ಹೊಳೆದುಬಿಟ್ಟಿದೆ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಎಡಗಡೆ ನಿಂತು ಕೈ ಎತ್ತಿ "ಇಂಗ ಕುಡು, ಇಂಗ ಕುಡು" ಎಂದು ಗಂಟಲು ಹರಿಯುವಂತೆ ಕೂಗಿದಳು. ಅಮೂಲ್ಯ ಎಡಕ್ಕೆ ಓಡಿದಳು. ನಾನೂ ಎಡಕ್ಕೇ ಕತ್ತು ತಿರುಗಿಸಿದೆ. ಚೆಂಡು ಬಲಗಡೆ ಮೆಲ್ಲಗೆ ಉರುಳಿ ಹೋಗಿ ಗೋಲಾಯಿತು. ಆ ಬೀದಿಯಲ್ಲಿ ಬೆಳೆಯದವಳಾಗಿದ್ದರೆ ಅಮೂಲ್ಯ ಮೋಸ ಹೋಗುತ್ತಿರಲಿಲ್ಲ. ನೀನು ಮೊಬೈಲಿನಲ್ಲಿ ನೋಡಿದ್ದು ಆ ಒಂದು ಗೋಲು. ಅಲ್ಲಿಗೆ ನಿನ್ನ ತೀರ್ಪು ಮುಗಿಯಿತು.

ನಾನು ಮೈದಾನದಲ್ಲಿ ಕೂತಿದ್ದೆ ಮಾರಾಯ, ಆಮೇಲಿನದನ್ನು ನಾನು ಹೇಳುತ್ತೇನೆ. ಇಂಟರ್ವಲ್‌ನಲ್ಲಿ ನೀರು ಕುಡಿಯಲು ನನ್ನ ಹತ್ತಿರ ಬಂದಳು. ಮುಖ ಕೆಂಪಾಗಿತ್ತು, ಆದರೆ ಅತ್ತಿರಲಿಲ್ಲ. ನಾನು ಸಮಾಧಾನ ಹೇಳಲು ಹೋದರೆ ತಡೆದು, "ಇನ್ನು ಕಿವಿಗೆ ಕೆಲಸ ಇಲ್ಲ ಅಜ್ಜಿ. ಅಜ್ಜನ ಥರ ಆಡ್ತೀನಿ" ಎಂದಳು. ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ.

ನೀನು ಶಿವಮೊಗ್ಗದಲ್ಲಿ ಬೆಳೆದವನು, ನಿಮ್ಮಜ್ಜನನ್ನು ಹಬ್ಬಕ್ಕೆ ಬಂದಾಗಷ್ಟೇ ನೋಡಿದವನು. ರೋಲಿಂಗ್ ಮಿಲ್ಲಿನ ಸದ್ದಿಗೆ ಅವರ ಕಿವಿ ನಡುವಯಸ್ಸಿಗೇ ಮಂದವಾಗಿತ್ತು. ಅಲ್ಲಿ ಕೆಲಸ ಮಾಡುವವರು ಬಾಯಲ್ಲಿ ಮಾತಾಡಿದರೆ ಪಕ್ಕದವನಿಗೂ ಕೇಳುತ್ತಿರಲಿಲ್ಲ, ಎಲ್ಲ ಕೈಸನ್ನೆಯಲ್ಲೇ. ಅಂಗೈ ಕೆಳಗೆ ಮಾಡಿ ಒತ್ತಿದರೆ ಅಲ್ಲೇ ನಿಲ್ಲು. ಹಗ್ಗ ಜಗ್ಗುವ ಹಾಗೆ ಮಾಡಿದರೆ ಎಲ್ಲ ಒಟ್ಟಿಗೆ ಮುಂದೆ ಬನ್ನಿ. ಎದೆಗೆ ಮುಷ್ಟಿ ಮುಟ್ಟಿಸಿದರೆ ಈ ಕಡೆ ನಾನಿದ್ದೇನೆ, ನೀನು ಆ ಕಡೆ ನೋಡಿಕೋ. ಅದೇ ಕಿವುಡು ಕಿವಿ ಇಟ್ಟುಕೊಂಡು ನಿಮ್ಮಜ್ಜ ಕೊಟ್ರಬಸಪ್ಪನವರು ಕಾರ್ಖಾನೆ ಟೀಮಿಗೆ ಫುಲ್‌ಬ್ಯಾಕ್ ಆಡಿದರು. ಯಾರ ಕೂಗೂ ಕೇಳುತ್ತಿರಲಿಲ್ಲ, ಅದಕ್ಕೆ ಎದುರಿನವನ ಕಾಲನ್ನೇ ನೋಡುತ್ತಿದ್ದರು. ಕಾಲು ಸುಳ್ಳು ಹೇಳಲ್ಲ ಕಣೇ ವೀರಿ ಎನ್ನುತ್ತಿದ್ದರು. ಮನೆಗೆ ಬಂದರೂ ಸನ್ನೆಯದೇ ಸಂಸಾರ. ಸಾರಿಗೆ ಉಪ್ಪು ಕಡಿಮೆಯಾದರೂ ಸನ್ನೆ, ನನ್ನ ಮೇಲೆ ಸಿಟ್ಟು ಬಂದರೂ ಸನ್ನೆ. ಅಮೂಲ್ಯ ಮಾತಿಗಿಂತ ಮೊದಲು ಅದನ್ನೇ ಕಲಿತವಳು. ಕಾಲೇಜಿನಲ್ಲೂ ಬೆಳಿಗ್ಗೆ ರಾಗಿಗುಡ್ಡದ ಮೇಲೆ ಓಡಲು ಹೋದಾಗ ತಮಾಷೆಗೆಂದು ಜೊತೆಯ ಹುಡುಗಿಯರಿಗೆಲ್ಲ ಹೇಳಿಕೊಟ್ಟಿದ್ದಳಂತೆ. ಗಾಳಿಗೆ ಕೂಗಿದರೆ ಕೇಳುತ್ತಿರಲಿಲ್ಲವಂತೆ.

ಎರಡನೇ ಅರ್ಧ ಶುರುವಾದ ಮೇಲೆ ನಮ್ಮ ಕಡೆಯಿಂದ ಒಂದೂ ಕೂಗಿಲ್ಲ. ವಿದ್ಯಾಶ್ರೀ ಎಡಕ್ಕೆ ನಿಂತು ಕೂಗಿದಳು, ಬಲಕ್ಕೆ ನಿಂತು ಕೂಗಿದಳು. ಅಮೂಲ್ಯ ಅತ್ತ ತಿರುಗಿಯೂ ನೋಡಲಿಲ್ಲ. ಚೆಂಡು ಇದ್ದವಳ ಕಾಲನ್ನು ನೋಡುತ್ತಾ, ಬೆನ್ನ ಹಿಂದೆ ಕೈ ಒತ್ತಿದಳು, ಹಿಂದಿನ ಇಬ್ಬರು ನಿಂತರು. ಎದೆ ಮುಟ್ಟಿದಳು, ಪಕ್ಕದವಳು ದೂರ ಸರಿದಳು. ಪಾಸು ಬಂದಲ್ಲೆಲ್ಲ ನಮ್ಮ ಯಾವುದೋ ಒಂದು ಕಾಲು ಮೊದಲೇ ಇತ್ತು. ಭದ್ರಾವತಿಯವರು ಸಣ್ಣ ಪಾಸು ಕೊಟ್ಟರು, ಉದ್ದ ಕೊಟ್ಟರು, ಎತ್ತಿ ಕೊಟ್ಟರು, ಮಕ್ಕಳು ಚೆನ್ನಾಗಿಯೇ ಆಡಿದರು, ಸುಳ್ಳು ಯಾಕೆ ಹೇಳಲಿ. ಸಂದು ಸಿಗಲಿಲ್ಲ. ಒಮ್ಮೆ ಇವಳು ಹಗ್ಗ ಜಗ್ಗಿದ ಹಾಗೆ ಮಾಡಿದಳು, ಡಿಫೆನ್ಸಿನ ನಾಲ್ವರೂ ಒಟ್ಟಿಗೆ ಮುಂದೆ ಹೆಜ್ಜೆ ಇಟ್ಟರು, ಹಿಂದಿನಿಂದ ಬಂದ ಪಾಸು ಹಿಡಿದು ಒಬ್ಬಳೇ ನುಗ್ಗಿದ ವಿದ್ಯಾಶ್ರೀಗೆ ಬಾವುಟ ಎತ್ತಿಬಿಟ್ಟರು. ಅದಕ್ಕೆ ಆಫ್‌ಸೈಡ್ ಎನ್ನುತ್ತಾರಲ್ಲ, ಅದು ಏನೆಂದು ನನಗೆ ಇವತ್ತಿಗೂ ತಿಳಿದಿಲ್ಲ. ನಿಮ್ಮಜ್ಜ ತಟ್ಟೆ ಲೋಟ ಇಟ್ಟು ಜೀವಮಾನವಿಡೀ ಹೇಳಿಕೊಟ್ಟರು, ನಾನು ಹೂಂ ಹೂಂ ಎಂದೆ. ಆದರೆ ಗೋಡೆಯ ಪಕ್ಕದ ಮುದುಕರೆಲ್ಲ ತಮ್ಮೂರಿನ ತಂಡವನ್ನು ತಡೆದವಳಿಗೇ ಚಪ್ಪಾಳೆ ತಟ್ಟಿದ್ದು ನನಗೆ ತಿಳಿಯಿತು. ಷಡಕ್ಷರಪ್ಪನವರು ಕಣ್ಣು ಒರೆಸಿಕೊಂಡು, "ವೀರಮ್ಮಾ, ನಮ್ಮ ಕೊಟ್ರಬಸಪ್ಪನ ಕೈ ನೋಡ್ದಂಗಾಯ್ತು" ಎಂದರು. ಜ್ಞಾನೇಶ, ನಾನು ಅಷ್ಟು ಜನರ ಮಧ್ಯೆ ಕೂತು ಅತ್ತುಬಿಟ್ಟೆ. ನಿಮ್ಮಜ್ಜ ಹೋದ ಮೇಲೆ ಆ ಕೈಯನ್ನು ಮತ್ತೆ ನೋಡುತ್ತೇನೆ ಎಂದುಕೊಂಡಿರಲಿಲ್ಲ.

ನಮ್ಮ ಫಾರ್ವರ್ಡ್ ಹುಡುಗಿಯರಿಗೆ ಒಂದೂ ಗೋಲು ಹೊಡೆಯಲು ಆಗಲಿಲ್ಲ, ಸೋತರು. ಕಪ್ ಭದ್ರಾವತಿಗೇ ಹೋಯಿತು. ಹೋಗಲಿ. ಆರಿಸಲು ಬಂದಿದ್ದವರು ಗೆದ್ದ ತಂಡದ ಡಿಫೆನ್ಸಿನಿಂದ ಯಾರನ್ನೂ ತೆಗೆದುಕೊಳ್ಳದೆ ಸೋತ ತಂಡದ ಅಮೂಲ್ಯಳನ್ನು ಕರೆದರು. ಅವರಿಗೇನು ಇವಳ ಮೇಲೆ ಕರುಣೆಯೇ? ಗೋಲು ಬೀಳದೆ ಗೆದ್ದ ಮ್ಯಾಚುಗಳಲ್ಲಿ ನನಗೂ ಅವಳ ಡಿಫೆನ್ಸ್ ಎಷ್ಟು ಗಟ್ಟಿ ಎಂದು ತಿಳಿದಿರಲಿಲ್ಲ, ಸೋತ ದಿನ ತಿಳಿಯಿತು. ಒಂದು ಸಲ ಮೋಸ ಹೋದವಳು ಆಟ ಮುಗಿಯುವಷ್ಟರಲ್ಲಿ ಬೇರೆ ಥರ ಆಡಲು ಕಲಿತಳಲ್ಲ, ಕೇರಳದವರು ಇನ್ನೂ ಚೆನ್ನಾಗಿ ಪಾಸ್ ಮಾಡಿದರೆ ಇನ್ನೂ ಚೆನ್ನಾಗಿ ಕಲಿಯುತ್ತಾಳೆ. ಗೋಲು ಬಿದ್ದರೆ ಬೀಳಲಿ. ಬಿದ್ದ ಮೇಲೆ ಅವಳು ಏನು ಮಾಡುತ್ತಾಳೆ ಎಂದು ನಾನು ನೋಡಿದ್ದೇನೆ, ನೀನು ನೋಡಿಲ್ಲ.

ಇನ್ನೊಂದು ಮಾತು, ಕೋಪ ಮಾಡಿಕೊಳ್ಳಬೇಡ. ನೀನು ಮಿಲಿಟರಿಗೆ ಸೇರುವ ಮೊದಲು ಇದೇ ವಿಶ್ವವಿದ್ಯಾಲಯದ ಸೆಲೆಕ್ಷನ್ನಿಗೆ ಹೋಗಿ ಸಂಜೆಗೇ ವಾಪಸ್ ಬಂದೆಯಲ್ಲ, ಗೋಡೆಯ ಕಡೆ ಮುಖ ಮಾಡಿ ಮಲಗಿದವನು ಮಾರನೇ ದಿನ ಎದ್ದು ಬೂಟನ್ನು ಯಾರಿಗೋ ಕೊಟ್ಟು ಬಂದೆ. ಆವತ್ತು ನಿನ್ನನ್ನು ನೋಡಿ ಯಾರೂ ನಕ್ಕಿರಲಿಲ್ಲ ಮಗನೇ. ನೀನೇ ಹಾಗಂದುಕೊಂಡೆ. ತಂಗಿಗೂ ಹಾಗಾದೀತು ಎಂಬ ಸಂಕಟ ನಿನಗೆ, ನನಗೆ ಅರ್ಥವಾಗುತ್ತದೆ, ಅದಕ್ಕೇ ನಿನ್ನ ಮೇಲೆ ಪೂರ್ತಿ ಸಿಟ್ಟು ಮಾಡಲು ಆಗುತ್ತಿಲ್ಲ. ಆದರೆ ನಿನ್ನ ಹೆದರಿಕೆಯನ್ನು ತಂದು ಅವಳ ಕಾಲಿಗೆ ಕಟ್ಟಬೇಡ. ಅವಳ ಡಿಫೆನ್ಸ್ ಸರಿಯಿಲ್ಲ ಎಂದು ಹೇಳುವುದಾದರೆ ರಜೆಗೆ ಬಂದಾಗ ಹಿತ್ತಲಿನಲ್ಲಿ ಚೆಂಡು ಹಾಕಿಕೊಂಡು ಅವಳನ್ನು ದಾಟಿ ತೋರಿಸಿ ಆಮೇಲೆ ಹೇಳು. ನಾನು ಕುರ್ಚಿ ಹಾಕಿಕೊಂಡು ಕೂರುತ್ತೇನೆ.

ಹುಷಾರಾಗಿರು. ಕಿವಿಗೆ ಮಫ್ಲರ್ ಸುತ್ತಿಕೋ, ನಿಮ್ಮಜ್ಜನ ಕಿವಿ ನಿನಗೆ ಬಾರದಿರಲಿ. ನಿನ್ನ ಜೊತೆಯ ಹುಡುಗರಿಗೂ ಈ ಮುದುಕಿಯ ಆಶೀರ್ವಾದ ಹೇಳು. ಬಸವಣ್ಣ ನಿನ್ನನ್ನು ಆ ಬೆಟ್ಟದ ಮೇಲೆ ಬೆಚ್ಚಗೆ ಇಟ್ಟಿರಲಿ.

ಇಂತಿ, ಫುಟ್ಬಾಲ್ ಗೊತ್ತಾಗದ ನಿನ್ನ ಅಜ್ಜಿ,
ವೀರಮ್ಮ

ತಾ.ಕ.: ಪೋಸ್ಟಾಫೀಸಿನ ಕಟ್ಟೆಯ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಓದಿಕೋ. ಅಮೂಲ್ಯ ಇವತ್ತು ಬೆಳಿಗ್ಗೆಯೇ ಕ್ಯಾಂಪಿಗೆ ಹೋದಳು. ನಿಮ್ಮಪ್ಪನಿಗೆ, ಈ ಮನೆಯಲ್ಲಿ ನಿನ್ನ ಮಗನ ಮಾತು ನಡೆಯುವುದಾದರೆ ನಿನ್ನ ತಾಯಿಯ ಮಾತೂ ನಡೆಯಬೇಕು ಎಂದೆ. ತಲೆ ಕೆರೆದುಕೊಂಡ, ಆಮೇಲೆ ಅವನೇ ಸ್ಕೂಟರಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಿಟ್ಟು ಬಂದ. ಬಸ್ಸಿನ ಕಿಟಕಿಯಿಂದ ಎದೆಗೆ ಮುಷ್ಟಿ ಮುಟ್ಟಿಸಿ ತೋರಿಸಿದಳಂತೆ, ಅಪ್ಪನ ಸನ್ನೆಗಳನ್ನೆಲ್ಲ ಮರೆತಿರುವ ಅವನಿಗೆ ಅರ್ಥವಾಗದೆ ನನ್ನನ್ನು ಬಂದು ಕೇಳಿದ. ಕೌಂಟರಿನ ಹುಡುಗಿ, ನಿಮ್ಮ ಮೊಮ್ಮಗ ಇರೋ ಕಡೆಗೆ ಕಾಗದ ಹೋಗೋಕೆ ಬಹಳ ದಿನ ಆಗುತ್ತೆ, ಸ್ಪೀಡ್ ಪೋಸ್ಟ್ ಮಾಡಲಾ ಅಜ್ಜಿ ಎಂದು ಕೇಳುತ್ತಿದ್ದಾಳೆ. ಬೇಡಮ್ಮ, ನಿಧಾನಕ್ಕೇ ಹೋಗಲಿ ಎಂದಿದ್ದೇನೆ. ಇದು ನಿನ್ನ ಕೈ ಸೇರುವಷ್ಟರಲ್ಲಿ ನಿನ್ನ ತಂಗಿ ಕೇರಳದ ಮೈದಾನದಲ್ಲಿ ನಿಂತಿರುತ್ತಾಳೆ. ಈಗ ಕಳಿಸಬೇಡಿ ಅನ್ನು, ನೋಡೋಣ.