ಪದರಿನೊಳಗಿನ ಚುಕ್ಕೆ

೧೪ ಜೂನ್ ೨೦೧೭, ಬುಧವಾರ

ಅತ್ತೆಗೆ ಸುಳ್ಳು ಹೇಳಿ ಮಿರಜಕ್ಕೆ ಕರೆದೊಯ್ದದ್ದು ಇನ್ನೂ ಚುಚ್ಚುತ್ತಿದೆ. ಕಣ್ಣು ತೋರಿಸೋಣ ಎಂದಿದ್ದೆ. ಎದೆಯ ತಪಾಸಣೆ ಎಂದಿದ್ದರೆ ಪಾಲಬಾವಿಯಲ್ಲಿ ಬಸ್ಸು ಹತ್ತುತ್ತಲೇ ಇರಲಿಲ್ಲ. ಅವರ ತಂಗಿ ಎದೆಯ ಗಂಟನ್ನು ಎರಡು ವರ್ಷ ಸೆರಗಿನಲ್ಲಿ ಮುಚ್ಚಿಟ್ಟುಕೊಂಡೇ ತೀರಿಹೋದರು.

ಆಸ್ಪತ್ರೆಯ ಬಾಗಿಲಲ್ಲಿ ನಿಜ ಹೇಳಿಬಿಟ್ಟೆ.

"ಕಣ್ಣ ತೋರ್ಸಾಕ ಹೊಂಟವರು ಹಳೀ ಎದಿ ಫೋಟೋ ಯಾಕ ತಗೊಂತಾರ, ಕಾಂಚನಾ? ಚೀಲದಾಗ ನೋಡೀನಿ" ಎಂದರು. ಆದರೂ ಒಳಗೆ ನಡೆದರು.

ಹೋದ ವರ್ಷ ಊರಿಗೆ ಬಂದ ಶಿಬಿರದವರು ಒತ್ತಾಯಿಸಿ ತೆಗೆದಿದ್ದ ಅತ್ತೆಯ ಆ ಫೋಟೋದಲ್ಲಿ ಎಲ್ಲವೂ ಒಂದರ ಮೇಲೊಂದು ಕೂಡಿ ಬರೀ ಬೆಳ್ಳಗೆ ಕಾಣುತ್ತಿತ್ತು. ಇಂದು ಡಾಕ್ಟರಮ್ಮ ಹೊಸ ಪರದೆಯ ಮೇಲೆ ಚಿತ್ರವನ್ನು ಪದರುಪದರಾಗಿ ಸರಿಸಿದರು. ನಡುವಿನ ಯಾವುದೋ ಪದರಿನಲ್ಲಿ ಒಂದು ಚುಕ್ಕೆ ಕಂಡಿತು.

ಅತ್ತೆ ಪರದೆಯತ್ತ ಬಗ್ಗಿದರು. "ಇಷ್ಟ ಏನ್ರಿ?"

"ಜೋಳದ ಕಾಳಿನಷ್ಟ ಐತ್ರಿ. ಸೂಜಿ ಹಾಕಿ ಪರೀಕ್ಷಾ ಮಾಡ್ಬೇಕು. ಕೆಟ್ಟದ್ದಿದ್ರೂ ಲಗೂನ ಸಿಕ್ಕೈತಿ, ತೆಗೀಬಹುದು."

"ಮತ್ತೊಮ್ಮೆ ಸರಿಸ್ರಿ, ನೋಡ್ತೀನಿ."

ಮೂರು ಸಲ ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ, "ನನ್ನ ತಂಗಿಗಿ ಯಾರೂ ಹಿಂಗ ತೋರಿಸಲಿಲ್ಲ" ಎಂದರು. ತಾವೇ ಕೇಳಿದರು: "ಸೂಜಿ ಯಾವತ್ರಿ?"

"ಶನಿವಾರ" ಎಂದರು ಡಾಕ್ಟರಮ್ಮ.

ಮರಳುವಾಗ ಕಾಗವಾಡ ದಾಟುವ ಮುನ್ನವೇ ಅತ್ತೆ ನನ್ನ ಹೆಗಲಿಗೆ ಒರಗಿ ನಿದ್ದೆಹೋದರು. ಮದುವೆಯಾದ ಹದಿನಾರು ವರ್ಷಗಳಲ್ಲಿ ಇದೇ ಮೊದಲು. ಎಚ್ಚರವಾದೀತೆಂದು ನಾನು ಊರು ಬರುವವರೆಗೂ ಅಲುಗಾಡಲಿಲ್ಲ. ಹೆಗಲು ಈಗಲೂ ನೋಯುತ್ತಿದೆ.