ಹಿತ್ತಿಲಿನ ಕಾಳಿನ ಡಬ್ಬಿ

ಏಪ್ರಿಲ್ ೮, ಬುಧವಾರ

ಅಕ್ಕಾ,

ನೀನೂ ಭಾವನೂ ಕ್ಷೇಮವೆಂದು ನಂಬಿದ್ದೇನೆ. ನಿಮ್ಮಲ್ಲಿಂದ ಮರಳಿದ ಮೇಲೆ ಒಂದು ಸಾಲೂ ಬರೆಯದೆ ಇಪ್ಪತ್ತು ದಿನ ಕಳೆದೆ, ಕ್ಷಮಿಸು. ಪುರುಸೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೂರು ಸಲ ಬರೆದೆ, ಮೂರು ಸಲವೂ ಹರಿದು ಹಾಕಿದೆ. ಬರೆದದ್ದೆಲ್ಲ ಜಗಳವೇ ಆಗಿತ್ತು. ಇದೂ ಜಗಳವಾದರೆ ಆಗಲಿ ಬಿಡು.

ಮಗಳ ಅಪ್ಪ ಬಿಟ್ಟುಹೋದಾಗ ನನಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಎಂದಲ್ಲವೇ ಮೂರು ತಿಂಗಳ ಮಟ್ಟಿಗೆ ಅವಳನ್ನು ನಿನ್ನ ಕೈಗೆ ಕೊಟ್ಟದ್ದು? ಎರಡು ವರ್ಷವಾಯಿತು. ಫೆಬ್ರವರಿಯಲ್ಲಿ ಕೊನೆಗೂ ಹಗಲು ಪಾಳಿ ಸಿಕ್ಕಿತು. ಕತ್ತರಿ, ಚಿಮಟ ತೊಳೆದು ಕುದಿಸಿಡುವ ಅದೇ ಕೆಲಸ, ಆದರೆ ಸಂಜೆ ಐದಕ್ಕೆಲ್ಲ ಮನೆಯಲ್ಲಿರುತ್ತೇನೆ. ಇನ್ನು ಕರೆದುಕೊಂಡು ಬರುತ್ತೇನೆ ಎಂದರೆ ನೀನು ಬರೆದೆ: "ಅವಳು ಬರಲ್ಲ ಅಂತಾಳೆ ಕಣೇ. ಅಲ್ಲಿ ಹಕ್ಕಿ ಇಲ್ವಂತೆ."

ಹಕ್ಕಿ ತಾನೇ, ಕರೆಸೋಣ ಎಂದುಕೊಂಡು ಅಂಗಡಿಗೆ ಹೋದೆ. ಹಕ್ಕಿಗೆ ಕಾಳು ಹಾಕಿಡಲು ನಿನ್ನ ಹಿತ್ತಿಲಲ್ಲಿರುವಂಥದ್ದೇ ಮರದ ಗೂಡು ಅಲ್ಲಿತ್ತು. ಕೆಂಪು ಸೂರು, ನೋಡಲು ಮುದ್ದು. "ಚೆಂದ ಬೇಕಾದ್ರೆ ಅದು ತಗೊಳ್ಳಿ ಮೇಡಂ. ತೊಳೀತೀನಿ ಅಂದ್ರೆ ಇದು" ಎಂದು ಅಂಗಡಿಯವನು ತಳ ಬಿಚ್ಚಿ ಬರುವ ಉದ್ದನೆಯ ಪ್ಲಾಸ್ಟಿಕ್ ಡಬ್ಬಿ ತೋರಿಸಿದ. ಮರ ನೀರು ಕುಡಿಯುತ್ತದಂತೆ, ಕಾಳಿಗೆ ಬೂಷ್ಟು ಬರುತ್ತದಂತೆ. ತೊಳೆಯುವುದನ್ನು ನನಗೆ ಹೇಳಿಕೊಡಬೇಕೇ! ಪ್ಲಾಸ್ಟಿಕ್ಕಿನದನ್ನೇ ತಂದು ತಂತಿಗೆ ನೇತುಹಾಕಿದೆ. ಕೈಯ ಅಭ್ಯಾಸ ನೋಡು, ಆಸ್ಪತ್ರೆಯಲ್ಲಿ ಮಾಡುವ ಹಾಗೆಯೇ ದಿನಾ ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ಅದ್ದಿ ಉಜ್ಜಿದೆ. ಹದಿನೈದು ದಿನ ಒಂದು ನೊಣವೂ ಹತ್ತಿರ ಸುಳಿಯಲಿಲ್ಲ.

ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರರು ನೋಡಿ ನೋಡಿ ಸಾಕಾಗಿ, "ಏನಮ್ಮಾ, ಹಕ್ಕಿಗೆ ಊಟ ಹಾಕ್ತಿದೀಯೋ, ಆಪರೇಷನ್ ಮಾಡ್ತಿದೀಯೋ? ಆ ವಾಸನೆಗೆ ನನಗೇ ತಲೆ ತಿರುಗುತ್ತೆ" ಎಂದರು. ಸೋಪಿನ ಬಿಸಿನೀರು ಸಾಕು, ಬ್ರಷ್ಷಿನಿಂದ ಮೂಲೆಮೂಲೆ ಉಜ್ಜಿ, ವಾಸನೆ ಹೋಗುವ ತನಕ ಜಾಲಿಸಿ, ಬಿಸಿಲಲ್ಲಿ ಪೂರ್ತಿ ಒಣಗಿಸಿ ಆಮೇಲೆ ಕಾಳು ಹಾಕು ಎಂದು ಅವರೇ ಹೇಳಿಕೊಟ್ಟರು. ಅದೂ ಎರಡು ದಿನಕ್ಕಾಗುವಷ್ಟೇ. ಕೆಳಗೆ ಬಿದ್ದ ಸಿಪ್ಪೆಯನ್ನೂ ಗುಡಿಸಬೇಕಂತೆ. ಹಾಗೇ ಮಾಡಿದೆ. ಹತ್ತನೇ ದಿನ ಗುಬ್ಬಿ ಬಂತು ಅಕ್ಕಾ! ಒಂದಲ್ಲ, ಐದು. ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಹುಚ್ಚಿಯ ಹಾಗೆ ನಕ್ಕೆ. ಮರುದಿನವೇ ಬಸ್ಸು ಹತ್ತಿದೆ.

ಆಮೇಲಿನದು ನಿನಗೆ ಗೊತ್ತು, ಆದರೂ ನನ್ನ ಬಾಯಿಂದ ಒಮ್ಮೆ ಕೇಳು. ನಿನ್ನ ಮುದ್ದಾದ ಗೂಡಿನಲ್ಲಿ ಹಿಕ್ಕೆ ಗಟ್ಟಿಯಾಗಿ ಕೂತಿತ್ತು, ಕಾಳು ಹಸಿರಾಗಿತ್ತು. ಕೆಳಗೊಂದು ಗುಬ್ಬಿ ಕಣ್ಣು ಊದಿಸಿಕೊಂಡು, ಹತ್ತಿರ ಹೋದರೂ ಹಾರದೆ ಕೂತಿತ್ತು. ಹನ್ನೆರಡು ವರ್ಷ ಆಸ್ಪತ್ರೆಯಲ್ಲಿ ತೊಳೆದ ಕೈ, ಸುಮ್ಮನಿರಲಿಲ್ಲ. ಗೂಡನ್ನು ಕೊಂಬೆಯಿಂದ ಇಳಿಸಿಬಿಟ್ಟೆ. ಮಗಳು ಓಡಿಬಂದು, "ನೀನು ಬಂದಾಗೆಲ್ಲ ಏನಾದ್ರೂ ಕಿತ್ಕೋತೀಯ!" ಎಂದು ಕಿರುಚಿದಳು. ಏಳು ವರ್ಷದ ಬಾಯಿಗೆ ಆ ಮಾತು ತಾನಾಗಿ ಬರುತ್ತದೆಯೇ? ನೀನು, "ಒಂದು ಗುಬ್ಬಿಗೋಸ್ಕರ ಮಗೂನ ಅಳಿಸ್ತೀಯಲ್ಲೇ" ಎಂದು ಅವಳನ್ನು ಮಡಿಲಿಗೆ ಎಳೆದುಕೊಂಡೆ. ನಾನು ಒಬ್ಬಳೇ ವಾಪಸು ಬಂದೆ. ನನ್ನ ಬಸ್ಸು ಹೊರಡುವ ಮೊದಲೇ ಗೂಡು ಮತ್ತೆ ಕೊಂಬೆಗೇರಿತ್ತೆಂದು ಭಾವ ಆಮೇಲೆ ಬಾಯಿಬಿಟ್ಟರು. ತೊಳೆಯದೆಯೇ! ನಿನ್ನನ್ನು ಏನೆಂದು ಕರೆಯಲಿ?

ಬೈದದ್ದು ಸಾಕು. ಆ ಮರದ್ದನ್ನು ಎಸೆದುಬಿಡು. ಎರಡು ವಾರ ಏನನ್ನೂ ನೇತುಹಾಕಬೇಡ, ಹಕ್ಕಿಗಳು ಚದುರಿದರೆ ರೋಗ ಒಂದರಿಂದೊಂದಕ್ಕೆ ಹರಡುವುದಿಲ್ಲ. ಗೂಡನ್ನಾಗಲಿ ಕಾಳನ್ನಾಗಲಿ ಮುಟ್ಟಿದ ಮೇಲೆ ಮಗಳ ಕೈ ಸೋಪಿನಲ್ಲಿ ತೊಳೆಸು. ಉಗುರು ಕಚ್ಚುವ ಚಾಳಿ ಅವಳಿಗೆ. ಅದು ನನ್ನಿಂದಲೇ ಬಂದದ್ದು.

ಭಾವನಿಗೆ ನಮಸ್ಕಾರ. ಮಗು ನೂರು ವರ್ಷ ಚೆನ್ನಾಗಿರಲಿ. ಎಲ್ಲಿದ್ದರೂ ಸರಿ ಎಂದು ಸೇರಿಸಲು ಮನಸ್ಸು ಬರುತ್ತಿಲ್ಲ.

ಇಂತಿ,
ನಿನ್ನ ತಂಗಿ

ವಿ.ಸೂ.: ಮೊನ್ನೆ ಭಾನುವಾರ ನಾನು ಫೋನ್ ಮಾಡಿದಾಗ ನೀನು ಮಾತು ಬೇಗ ಮುಗಿಸಿದೆ, ಆದರೆ ರಿಸೀವರನ್ನು ಸರಿಯಾಗಿ ಇಡಲಿಲ್ಲ. "ಅಮ್ಮಾ, ಯಾರದು ಫೋನು?" ಎಂದು ಮಗಳು ಕೇಳಿದ್ದು ನನಗೆ ಕೇಳಿಸಿತು. ಉತ್ತರ ಕೊಡಲು ನಾನಿಲ್ಲಿ ಬಾಯಿ ತೆರೆದೆ. ಅಷ್ಟರಲ್ಲಿ ನೀನು ಕೊಟ್ಟೆ: "ನಿನ್ನ ಚಿಕ್ಕಮ್ಮ ಕಣೇ."